ಬಹುಶಃ ಮೇಡಂ

ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ‘ಬಹುಶಃ ಮೇಡಂ’. ಗುಪ್ತಚರ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ವರದಿ ಬರೆದು, ತಾವಾಗಿಯೇ ಎದ್ದುಬಂದು, ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ನಿಂತವರು. ಮುಂದೆ ಅದೇ ಇಲಾಖೆಗೋ ಮಂತ್ರಿಗಳ ಕಚೇರಿಗೋ ಹೋಗುವ ಹುಡುಗ ಹುಡುಗಿಯರಿಗೆ ಅವರು ಕಲಿಸುತ್ತಿದ್ದುದು ಮುಖ್ಯವಾಗಿ ಒಂದೇ: ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಬೇರೆಯಾಗಿ ಬರೆಯುವುದು. ಊಹೆಯ ಮುಂದೆ ‘ಬಹುಶಃ’ ಇಲ್ಲದ ಉತ್ತರಪತ್ರಿಕೆ ಅವರ ಕೈಯಿಂದ ಪಾರಾಗುತ್ತಿರಲಿಲ್ಲ. “ಇವತ್ತು ಮಂಗಳವಾರ ಅಲ್ವೇನೋ?” ಎಂದು ಹಿಂದಿನ ಬೆಂಚಿನಲ್ಲಿ ಒಬ್ಬ ಕೇಳಿ, ಇನ್ನೊಬ್ಬ “ಬಹುಶಃ” ಎಂದರೆ ಅವರೂ ನಕ್ಕುಬಿಡುತ್ತಿದ್ದರು.

ಮದುವೆಯಾಗಿರಲಿಲ್ಲ. ವಿಶ್ವವಿದ್ಯಾಲಯದ ವಸತಿಗೃಹದ ಎರಡು ಕೋಣೆಗಳಲ್ಲಿ ಅವರು ಮತ್ತು ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತ ಅವರ ತಂಗಿ. ಆ ಮನೆಗೆ ಸಲಿಗೆಯಿಂದ ಬರುತ್ತಿದ್ದ ವಿದ್ಯಾರ್ಥಿನಿ ಒಬ್ಬಳೇ, ಬಸ್ ಕಂಡಕ್ಟರನ ಮಗಳು, ತರಗತಿಗೇ ಮೊದಲಿಗಳು. ಬಂದಾಗೆಲ್ಲ ತಂಗಿಯ ತಲೆ ಬಾಚಿ ಜಡೆ ಹಾಕುವಳು.

“ಇವಳು ನಮ್ಮ ಹೊಟ್ಟೇಲಿ ಹುಟ್ಟಬೇಕಿತ್ತು ಕಣೇ ಅಕ್ಕ.”

“ಯಾರ ಹೊಟ್ಟೇಲಿ ಅಂತ ಮೊದಲು ತೀರ್ಮಾನ ಮಾಡು” ಎನ್ನುತ್ತಿದ್ದರು ಮೇಡಂ.

ಕೊನೆಯ ವರ್ಷದ ತರಗತಿಯಲ್ಲಿ ಒಂದು ದಿನ ಅವರು ತಮ್ಮದೇ ಕತೆ ಹೇಳಿದರು. ಊರು, ಇಸವಿ ಯಾವುದನ್ನೂ ಬಾಯಿಬಿಡಲಿಲ್ಲ. ಒಂದು ಗೋದಾಮಿನಲ್ಲಿ ಬಹುಶಃ ಮದ್ದುಗುಂಡು ಇದೆ ಎಂದು ಅವರು ಬರೆದಿದ್ದರು. ಮೇಲಧಿಕಾರಿ ಆ ಒಂದು ಪದ ಹೊಡೆದುಹಾಕಿ ವರದಿ ಕಳಿಸಿದ. ಪಡೆ ನುಗ್ಗಿತು. ಒಳಗಿದ್ದದ್ದು ಹತ್ತಿಯ ಮೂಟೆ. ಸತ್ತವರು ಇಬ್ಬರು ಕಾವಲುಗಾರರು, ಅಣ್ಣತಮ್ಮಂದಿರು.

“ಪದ ತೆಗೆದಿದ್ದು ನನಗೆ ಗೊತ್ತಿತ್ತು. ಬಾಯಿ ಮುಚ್ಕೊಂಡು ಕೂತೆ” ಎಂದರು.

ಎರಡು ತಿಂಗಳಾದ ಮೇಲೆ ಕುಲಪತಿಗಳು ಕರೆಸಿ ಎರಡು ಪುಟ ಮುಂದಿಟ್ಟರು. ಇಲಾಖೆಗೆ ಅರ್ಜಿ ಹಾಕಿದವರಿಗೆ ಅಲ್ಲಿ ಒಂದು ಪರೀಕ್ಷೆ: ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ವರದಿ ಬರೆಯಿರಿ. ಆ ಎರಡು ಪುಟ ಯಾರೋ ಮೇಡಂ ಬಗ್ಗೆ ಬರೆದ ಉತ್ತರ; ಬರೆದವರ ಹೆಸರು ಮುಚ್ಚಿತ್ತು. ‘ಇವರು ಇಲಾಖೆಯ ರಹಸ್ಯ ಹೊರಗೆಡವುತ್ತಾರೆ. ಇಲಾಖೆಯ ಮೇಲೆ ದ್ವೇಷವಿದೆ. ನಿದ್ದೆ ಗುಳಿಗೆ ನುಂಗುತ್ತಾರೆ.’ ಗುಳಿಗೆಯ ಡಬ್ಬಿ ಇರುತ್ತಿದ್ದುದು ಅಡುಗೆಮನೆಯ ಕಪಾಟಿನಲ್ಲಿ. ಅಲ್ಲಿಯವರೆಗೆ ಬಂದವಳು ಒಬ್ಬಳೇ.

“ನಾನು ಹೇಳಿದ್ದು ಸುಳ್ಳಾ ಸಾರ್?”

“ಸುಳ್ಳಾಗಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಅದು ಬರೀ ಕಟ್ಟುಕತೆ ಅಂತ ಒಂದು ಸಾಲು ಬರೆದುಕೊಡಿ. ಮನೆ ಉಳಿಯುತ್ತೆ. ಪಾಠ ಮಾತ್ರ ಬೇಡ.”

ಅಡುಗೆಮನೆಯ ತನಕವೂ ಗೋಡೆ ಹಿಡಿದೇ ನಡೆಯುವ ತಂಗಿಯನ್ನು ಎಲ್ಲಿಗೆ ಕರೆದೊಯ್ಯುವುದು? ಮೇಡಂ ಬರೆದುಕೊಟ್ಟರು. ಗೋದಾಮು ಇರಲಿಲ್ಲ, ಕಾವಲುಗಾರರು ಇರಲಿಲ್ಲ, ಯಾರೂ ಸಾಯಲಿಲ್ಲ. ಸಹಿ ಹಾಕಿದರು.

ಅವರನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಉತ್ತರಪತ್ರಿಕೆಯ ಕಟ್ಟುಗಳ ನಡುವೆ ಕೂತು ಅಂಕ ಮರುಕೂಡಿಸುವುದು, ಕಿಟಕಿಯಲ್ಲಿ ಪ್ರಮಾಣಪತ್ರ ಕೊಡುವುದು. ಇಲಾಖೆಯ ಕೆಲಸಕ್ಕೆ ಸೇರುವ ಮುಂಚೆ ಆ ಹುಡುಗಿಯೂ ಕಿಟಕಿಗೆ ಬರಲೇಬೇಕಾಯಿತು.

“ಹೇಗಿದ್ದೀರಾ ಮೇಡಂ?”

ಮೇಡಂ ಅವಳ ಪ್ರಮಾಣಪತ್ರ ಹುಡುಕಿ ತೆಗೆದರು. “ನನಗೆ ದ್ವೇಷ ಇದೆ ಅಂತ ಯಾರಮ್ಮ ಹೇಳಿದ್ದು ನಿನಗೆ?”

“ಯಾರೂ ಹೇಳಿಲ್ಲ. ಹಾಗೆ ಅನ್ನಿಸ್ತು.”

“ಅನ್ನಿಸಿದ್ದನ್ನ ಅನ್ನಿಸ್ತು ಅಂತಲೇ ಬರೀಬೇಕಿತ್ತು.”

“ಹಾಗೆ ಬರೆದೋರು ಯಾರೂ ಪಾಸಾಗಿಲ್ಲ.” ಅವಳೇ ಮುಂದುವರಿಸಿದಳು: “ನೀವೂ ಬರೆದುಕೊಟ್ರಂತಲ್ಲ ಮೇಡಂ, ಆ ಅಣ್ಣತಮ್ಮಂದಿರೇ ಇರಲಿಲ್ಲ ಅಂತ. ನಿಮಗೆ ತಂಗಿ ಇದ್ದಾರೆ. ನನಗೂ ಅಪ್ಪ ಇದ್ದಾರೆ.”

“ಇಲ್ಲಿ ಸಹಿ ಮಾಡು” ಎಂದು ಮೇಡಂ ಪುಸ್ತಕ ತಳ್ಳಿದರು. ಅವಳು ಸಹಿ ಮಾಡಿ ಹೋದಳು.

ಆ ಪಾಠಕ್ಕೆ ಇಲಾಖೆಯಿಂದಲೇ ಒಬ್ಬ ಅಧಿಕಾರಿ ಬಂದರು. ಮೇಡಂ ಇನ್ನೂ ಮೂರು ವರ್ಷ ಕಿಟಕಿಯಲ್ಲಿ ಕೂತು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಕುಲಪತಿಗಳು ಅವರ ನಿಷ್ಠೆಯನ್ನು ಹೊಗಳಿದರು. ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟಾಗ ಅವರು ಎದ್ದು ನಿಂತು ಸಭೆಯನ್ನು ಒಮ್ಮೆ ನೋಡಿ, ಎಲ್ಲರಿಗೂ ಧನ್ಯವಾದ ಹೇಳಿ ಕೂತರು.