ಕಾಗದ ಬರೆಯುವವರು ಉಂಡರೇನು?

ಒಡಹುಟ್ಟಿದ ಅಕ್ಕನಿಗೆ ಏಳು ವರ್ಷ ನಾನು ಒಂದೂ ಕಾಗದ ಬರೆಯಲಿಲ್ಲ. ಅಕ್ಷರ ಬರದವನಾಗಿದ್ದರೆ ಮಾತು ಬೇರೆ. ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ನನ್ನ ಜೊತೆ ಚೀಲ ಹೊರುತ್ತಿದ್ದ ಎಷ್ಟೋ ಮಂದಿಯ ಹೆಂಡಂದಿರಿಗೆ, ತಾಯಂದಿರಿಗೆ, ಅಕ್ಕತಂಗಿಯರಿಗೆ ಕಾಗದ ಬರೆದುಕೊಟ್ಟವನು ನಾನೇ. ನನ್ನ ಅಕ್ಕನಿಗೆ ಮಾತ್ರ ಬರೆಯಲಿಲ್ಲ. ಯಾಕೆ ಎಂದು ಕೇಳಿದರೆ ಇವತ್ತಿಗೂ ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲ.

ನಮ್ಮದು ಮಸ್ಕಿ ಹತ್ತಿರದ ಹಳ್ಳಿ. ಅಪ್ಪ ನನಗೆ ನೆನಪಿಲ್ಲ. ಅವ್ವ ಮತ್ತು ಅಕ್ಕ ಬಳಗಾನೂರಿನ ಕಡೆ ಭತ್ತದ ಸಸಿ ಹಚ್ಚಲು ಕೂಲಿಗೆ ಹೋಗುತ್ತಿದ್ದರು. ಅಕ್ಕ ಶಾಲೆಯ ಬಾಗಿಲ ತನಕ ಬರುತ್ತಿದ್ದಳು, ನನ್ನನ್ನು ಬಿಡಲು. ಒಳಗೆ ಒಂದು ದಿನವೂ ಕೂಡಲಿಲ್ಲ. ನಾನು ನಾಲ್ಕನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟೆ. ಬೆಳಿಗ್ಗೆ ಬುತ್ತಿ ಕಟ್ಟುವಾಗ ಅವ್ವ ಇಬ್ಬರಿಗೂ ಒಂದೇ ಮಾತು ಹೇಳುತ್ತಿದ್ದಳು: "ಹಸಿವಿಗೆ ನಾಚಬ್ಯಾಡ, ಬಿಸಿಲಿಗೆ ಹಟ ಮಾಡಬ್ಯಾಡ." ಬೇರೆ ಯಾರ ಮನೆಯಲ್ಲೂ ನಾನು ಆ ಮಾತು ಕೇಳಿಲ್ಲ. ಅವ್ವನೇ ಕಟ್ಟಿಕೊಂಡದ್ದು ಇರಬೇಕು.

ಅಕ್ಕನನ್ನು ಲಿಂಗಸುಗೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಮಸ್ಕಿಯಲ್ಲಿ ಬಸ್ಸು ಹತ್ತುವಾಗ ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕೈ ಹಿಡಿದಳು.

"ಸೀರಿ ತರಬ್ಯಾಡ, ಏನೂ ತರಬ್ಯಾಡ. ಎರಡು ಅಕ್ಷರ ಬರಿ. ಸಾಕು."

"ನಿನಗ ಓದಾಕ ಬರಂಗಿಲ್ಲಲ್ಲ ಬೇ," ಅಂದೆ.

"ಓದೋ ಮಂದಿ ಇರ್ತಾರ. ಬರಿಯೋ ತಮ್ಮ ಎಲ್ಲಾರಿಗೂ ಇರ್ತಾನೇನು?"

ಮರುವರ್ಷ ಅವ್ವ ತೀರಿಕೊಂಡಳು. ಅಕ್ಕ ಮಣ್ಣಿಗೆ ಬಂದು ಹೋದಳು. ನಾನು ಊರಿನ ಮನೆ ಬಿಟ್ಟು ಸಿಂಧನೂರಿಗೆ ಬಂದು ಮಿಲ್ಲಿನ ಶೆಡ್ಡಿನಲ್ಲಿ ಇರತೊಡಗಿದೆ. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ. ಶೆಡ್ಡಿಗೆ ಯಾರನ್ನು ಕರೆತರಲಿ? ಮೊದಲ ಪಂಚಮಿ ಹೋಗಲಿಲ್ಲ. ಕರೆಯಲು ಹೋಗದವನು ಕಾಗದ ಬರೆದು ಏನೆಂದು ಹೇಳಲಿ ಅನ್ನಿಸಿತು. ಒಂದು ಸೀರೆ ತಗೊಂಡ ಮೇಲೆ ಬರೆಯೋಣ ಎಂದುಕೊಂಡೆ. ಅವಳು ಬೇಡ ಅಂದದ್ದನ್ನೇ ಕೊಡಲು ಕಾದೆ, ಬೇಕು ಅಂದದ್ದನ್ನು ಕೊಡಲಿಲ್ಲ. ಹೀಗೆ ಈಗ ಬರೆಯುವಾಗ ಎಲ್ಲ ಸಲೀಸಾಗಿ ತಿಳಿದಂತೆ ಕಾಣುತ್ತದೆ. ಆಗ ಹಾಗೆ ಇರಲಿಲ್ಲ. ಒಂದು ವರ್ಷ ತಡವಾದದ್ದಕ್ಕೆ ನಾಚಿ ಎರಡನೆಯ ವರ್ಷವೂ ಬರೆಯಲಿಲ್ಲ, ಎರಡು ವರ್ಷಕ್ಕೆ ನಾಚಿ ಮೂರನೆಯ ವರ್ಷ.

ಮಿಲ್ಲಿನ ವಾರದ ರಜೆಯ ಮಧ್ಯಾಹ್ನ ತೂಕದ ಕಟ್ಟೆಯ ಮೇಲೆ ಕೂತು ನಾನು ಎಲ್ಲರಿಗೂ ಕಾಗದ ಬರೆಯುತ್ತಿದ್ದೆ. ಅಂಚೆ ಕಚೇರಿಯ ಮುಂದೆ ರೊಕ್ಕ ತಗೊಂಡು ಬರೆಯುವವನೊಬ್ಬ ಇದ್ದ. ನಾನು ತಗೊಳ್ಳುತ್ತಿರಲಿಲ್ಲ. ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿನ್ನಿಸುತ್ತಿದ್ದರು, ಅಷ್ಟೇ. ಮಂದಿಯ ಮನೆಯ ಮಾತು ನನ್ನ ಬೆರಳಿಂದ ಹೋಗುತ್ತದಲ್ಲ, ಅದು ನನಗೆ ಹಿತವಾಗಿತ್ತು. ಮನೆ ಇಲ್ಲದವನಿಗೆ ವಾರಕ್ಕೆ ನಾಲ್ಕು ಮನೆ ಸಿಕ್ಕಂತೆ.

ಅವರಲ್ಲಿ ಲಿಂಗಸುಗೂರಿನ ಹಮಾಲನೊಬ್ಬ ನನಗೆ ಗೆಳೆಯನಾದ. ಮೊದಲ ಸಲ ಹೆಂಡತಿಗೆ ಬರೆಸಲು ನೀಲಿ ಇನ್‌ಲ್ಯಾಂಡ್ ಕಾಗದ ಹಿಡಿದು ಬಂದಾಗ ಕೇಳಿದೆ: "ಏನು ಬರೀಲಿ?"

"ಆರಾಮ ಅದೀನಿ ಅಂತ ಬರಿ."

"ಆತು. ಮುಂದ?"

"ಮುಂದೇನಲೇ? ನೀನೂ ಆರಾಮ ಇರು ಅಂತ ಬರಿ. ಮುಗೀತು."

"ಇಷ್ಟಕ್ಕ ಕಾಗದ ಯಾಕ ಕೆಡಿಸ್ತಿ? ಬಸ್ಸಿನ ಡ್ರೈವರ್ ಕೈಲಿ ಹೇಳಿ ಕಳಿಸು. ಆಕಿ ಮಾಡಿದ ಪುಂಡಿಪಲ್ಯ ನೆನಪಾಗ್ತೈತಿ ಅಂತ ಬರೀಲೇನು?"

ಅವನು ನಾಚಿದ. "ಬರಿ. ಉಪ್ಪು ಜಾಸ್ತಿ ಹಾಕ್ತಾಳ, ಅದನ್ನ ಮಾತ್ರ ಬರೀಬ್ಯಾಡ."

ಇನ್‌ಲ್ಯಾಂಡಿನ ಮಡಿಕೆಯ ತನಕ ತುಂಬಿಸಿದೆ. ಕೊನೆಗೆ ಏನಾದರೂ ಬೇಕಿತ್ತು. ಅವ್ವನ ಮಾತು ಬರೆದೆ: ಹಸಿವಿಗೆ ನಾಚಬ್ಯಾಡ, ಬಿಸಿಲಿಗೆ ಹಟ ಮಾಡಬ್ಯಾಡ. ಆಮೇಲೆ ಅವನ ಪ್ರತಿ ಕಾಗದ ಆ ಮಾತಿನಿಂದಲೇ ಮುಗಿಯುತ್ತಿತ್ತು. ಅವರ ಓಣಿಯ ಮನೆಗಳಿಗೆ ನಂಬರು ಇರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಒಂದು ಹಿಟ್ಟಿನ ಗಿರಣಿಯ ವಿಳಾಸ ಹಾಕುತ್ತಿದ್ದೆ. ಅವನ ಹೆಂಡತಿಗೂ ಓದು ಬಾರದು. ಓಣಿಯ ಶಾಲೆಯ ಹುಡುಗಿಯೊಬ್ಬಳು ಓದಿ ಹೇಳಿ ಉತ್ತರವನ್ನೂ ಬರೆಯುತ್ತಿದ್ದಳು. ಆ ಉತ್ತರವನ್ನು ಅವನಿಗೆ ಓದಿ ಹೇಳುವವನೂ ನಾನೇ.

ಒಂದು ಸಲ ಉತ್ತರದ ಕೊನೆಗೆ ಹೀಗೆ ಇತ್ತು: "ಕಾಗದ ಬರೆಯುವವರು ಉಂಡರೇನು ಕೇಳ್ರಿ. ಅವರಿಗೂ ಬಿಸಿಲಿಗೆ ಹಟ ಮಾಡಬ್ಯಾಡ ಅನ್ರಿ."

ಓದುವುದನ್ನು ನಿಲ್ಲಿಸಿದೆ.

"ಯಾಕ ನಿಂತಿ?" ಅಂದ ಗೆಳೆಯ.

"ಮುಗೀತು," ಅಂದೆ.

ಯಾಕೆ ಮುಚ್ಚಿಟ್ಟೆ? ಗೆಳೆಯನ ಹೆಂಡತಿ ನನ್ನ ಮಾತನ್ನು ನನಗೇ ತಿರುಗಿಸಿ ಚೇಷ್ಟೆ ಮಾಡುತ್ತಿದ್ದಾಳೆ ಅನ್ನಿಸಿತು. ಮುಖ ಕಾಣದ ಹೆಣ್ಣುಮಗಳು ನನ್ನ ಊಟ ಯಾಕೆ ಕೇಳಬೇಕು? ಅವನು ಗಂಡ, ಏನು ತಿಳಿದಾನು? ಮುಂದಿನ ಉತ್ತರದಲ್ಲೂ ಅದೇ ಪ್ರಶ್ನೆ. ಅದರ ಮುಂದಿನದರಲ್ಲಿ: "ಕಾಗದ ಬರೆಯುವವರ ಕೆಮ್ಮು ಕಡಿಮಿ ಆತೇನು?" ನಾನು ಹೌಹಾರಿದೆ. ಸಣ್ಣಂದಿನಿಂದ ಧೂಳು ಬಿದ್ದರೆ ನನಗೆ ಕೆಮ್ಮು. ಮಿಲ್ಲಿನ ತೌಡಿನಲ್ಲಿ ಎಲ್ಲರೂ ಕೆಮ್ಮುತ್ತಾರೆ, ಗೆಳೆಯ ಹೇಳಿರಬಹುದು ಎಂದುಕೊಂಡೆ. ಆದರೂ ಭಯ ಹೋಗಲಿಲ್ಲ. ಭಯದ ಜೊತೆ ಒಂದು ಸಂತೋಷವೂ ಇತ್ತು, ಅದನ್ನು ಯಾಕೆ ಸುಳ್ಳು ಹೇಳಲಿ. ಅವ್ವ ಹೋದ ಮೇಲೆ ನನ್ನ ಊಟ ಕೇಳಿದವರು ಯಾರೂ ಇರಲಿಲ್ಲ. ಆ ಸಂತೋಷಕ್ಕೇ ನಾನು ಹೆಚ್ಚು ಹೆದರಿದೆ. ಒಂದು ರಜೆಯ ದಿನ ಅವನು ಇನ್‌ಲ್ಯಾಂಡ್ ತಂದಾಗ ಹೇಳಿಬಿಟ್ಟೆ: "ನನ್ನ ಕಣ್ಣು ಮಂಜಾಗ್ಯಾವ. ಅಕ್ಷರ ಕಾಣವಲ್ಲವು."

ಪಾಪ, ಅವನು ನಂಬಿದ. "ದವಾಖಾನಿಗೆ ಹೋಗೋಣ ನಡಿ" ಎಂದು ಕೈ ಹಿಡಿದು ಎಳೆದ. ಹೇಗೋ ತಪ್ಪಿಸಿಕೊಂಡೆ. ಆಮೇಲೆ ಅವನು ಅಂಚೆ ಕಚೇರಿಯ ಮುಂದಿನವನ ಹತ್ತಿರ ಹೋಗತೊಡಗಿದ. ಮೂರು ಸಾಲಿನ ಕಾಗದ. ಸುಳ್ಳು ಹೊರಗೆ ಬೀಳಬಾರದೆಂದು ಉಳಿದವರಿಗೂ ಬರೆಯುವುದನ್ನು ಬಿಟ್ಟೆ.

ವರ್ಷದ ಮೇಲೆ ಅವನಿಗೆ ಮಗಳು ಹುಟ್ಟಿದಳು. "ತೊಟ್ಟಿಲಿಗೆ ನೀ ಬರದಿದ್ರ ಕೂಸಿಗೆ ಹೆಸರ ಇಡಂಗಿಲ್ಲ ನೋಡು," ಅಂದ. ಹೋಗಲೇಬೇಕಾಯಿತು. ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದೆ ತಗಡಿನ ಮನೆಗಳ ಸಾಲು. ಅಂಗಳದಲ್ಲಿ ಪಂಕ್ತಿ ಕೂತಿತ್ತು. ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತಿದ್ದವಳು ತಲೆಯೆತ್ತಿದಳು. ನನ್ನ ಅಕ್ಕ.

ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬಂದವರಿಗೆಲ್ಲ ಹೇಳುವ ಹಾಗೆಯೇ ಹೇಳಿದಳು: "ಬಾ ತಮ್ಮಾ, ಕೈಕಾಲು ತೊಳಕೊಂಡು ಕುಂದುರು."

ಅವಳು ಇಲ್ಲಿ ಯಾಕೆ, ಗುರುತು ಯಾಕೆ ಹೇಳುವುದಿಲ್ಲ, ನಾನಾದರೂ ಯಾಕೆ "ಅಕ್ಕಾ" ಅನ್ನಲಿಲ್ಲ, ಒಂದೂ ತಿಳಿಯಲಿಲ್ಲ. ಹೋಗಿ ಕೂತೆ. ಕೂಸನ್ನು ಎತ್ತಿಕೊಂಡು ಗೆಳೆಯನ ಹೆಂಡತಿ ಬಂದಳು.

"ಇವರೇನ್ರೀ ಕಾಗದದ ಅಣ್ಣಾರು? ಕಣ್ಣು ಆರಾಮ ಆದವೇನ್ರಿ? ನನ್ನ ಗಂಡನ ಪ್ರೀತಿ ನಿಮ್ಮ ಕಣ್ಣಾಗ ಇತ್ತು ನೋಡ್ರಿ. ನಿಮ್ಮ ಕಣ್ಣು ಹೋದ ಮ್ಯಾಲ ಅದೂ ಹೋತು!"

ಪಂಕ್ತಿಯೆಲ್ಲ ನಕ್ಕಿತು. "ಏ, ಸುಮ್ಮನಿರಬೇ, ಮಂದಿ ಮುಂದ," ಅಂದ ಗೆಳೆಯ.

"ಖರೇನ ಹೇಳಾಕತ್ತೀನಿ. ಬೇಕಾದ್ರ ಬಾಜೂಮನಿ ಈ ಅಕ್ಕನ್ನ ಕೇಳ್ರಿ. ಕಾಗದ ಬಂದೈತಿ ಅಂದ್ರ ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಓಡಿ ಬರ್ತಿದ್ಲು. ಕಾಗದ ನಂದು, ಕೇಳಾಕಿ ಈಕಿ! ಎರಡೆರಡು ಸಲ ಓದಿಸ್ತಿದ್ಲು. ಬರಿಯೋರು ಉಂಡಾರೇನು ಕೇಳು, ಕೆಮ್ಮು ಹೋತೇನು ಕೇಳು ಅಂತ ಬರೆಸಿದಾಕೀನೂ ಈಕೀನ."

ಅಕ್ಕ ಮುಖ ಎತ್ತಲಿಲ್ಲ. "ಯಾರೋ ಪರದೇಶಿ ಇದ್ದಂಗಿತ್ತು, ಅದಕ್ಕ ಕೇಳಿಸಿದೆ," ಎನ್ನುತ್ತ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಉಂಡು ಎದ್ದು ನೀರಿನ ಡ್ರಮ್ಮಿನ ಹತ್ತಿರ ಹೋದಾಗ ಅವಳು ಚೊಂಬು ಹಿಡಿದು ಬಂದಳು. ಅಲ್ಲಿ ಯಾರೂ ಇರಲಿಲ್ಲ.

"ಇಲ್ಲಿಗೆ ಯಾವಾಗ ಬಂದ್ರಿ ಅಕ್ಕಾ?"

"ಮೂರು ವರ್ಷ ಆತು. ನಮ್ಮ ಮನ್ಯಾವರಿಗೆ ಇಲ್ಲಿ ಕೆಲಸ ಸಿಕ್ತು. ನಿನಗ ಹೆಂಗ ಗೊತ್ತಾಗಬೇಕು?" ನೀರು ಹಾಕುತ್ತ ಹೇಳಿದಳು. "ಮೊದಲ ಕಾಗದ ಓದಿದ ದಿನಾನ ತಿಳೀತು. ಅವ್ವನ ಮಾತು ಮತ್ಯಾರಿಗೆ ಬರ್ತದ?"

"ಮತ್ತ ನಾ ನಿನ್ನ ತಮ್ಮ ಅಂತ ಯಾಕ ಹೇಳಲಿಲ್ಲ?"

"ಏನಂತ ಹೇಳಲೋ? ಊರ ಮಂದಿಗೆಲ್ಲ ಬರಿಯೋ ತಮ್ಮ ನನಗ ಬರಿಯಂಗಿಲ್ಲ ಅಂತ ಹೇಳಲೇನು? ತವರಿನ ಮಾನ ನಿನ್ನೊಬ್ಬಂದೇನು?"

"ಸಿಂಧನೂರಿಗೆ ಬರಬಹುದಿತ್ತಲ್ಲ."

"ಕರೀದ ತವರಿಗೆ ಹೆಣ್ಣುಮಗಳು ಹೋಗ್ತಾಳೇನು?" ಚೊಂಬು ಬರಿದಾಗಿತ್ತು, ಹಿಡಿದೇ ನಿಂತಿದ್ದಳು. "ಕಾಗದ ನಿಂತಾಗ ಸತ್ತೇ ಹೋದ್ಯೇನೋ ಅಂದ್ಕೊಂಡೆ. ಕಣ್ಣು ಹೋಗ್ಯಾವಂತ ಅಂತ ಆಕಿ ಹೇಳಿದ್ಲು. ಅವತ್ತಿನಿಂದ ಸೋಮವಾರ ಸೋಮವಾರ ಒಪ್ಪತ್ತು ಇದ್ದೀನಿ. ಈಗ ಕಾಣ್ತಾವಲ್ಲ?"

"ಕಾಣ್ತಾವ," ಅಂದೆ.

ಅಷ್ಟೇ ಅಂದದ್ದು. ಕಣ್ಣಿಗೆ ಏನೂ ಆಗಿರಲಿಲ್ಲ ಎಂದು ಹೇಳಲಿಲ್ಲ. ನಾನು ಉಂಡೆನೋ ಇಲ್ಲವೋ ಎಂದು ಕೇಳಿಸಿದವಳು ವಾರಕ್ಕೊಂದು ದಿನ ಒಂದೇ ಹೊತ್ತು ಉಣ್ಣುತ್ತಿದ್ದಳು, ನನ್ನ ಸುಳ್ಳಿಗಾಗಿ. ಸಿಂಧನೂರಿಗೆ ತಿರುಗಿ ಬರುವಾಗ ಬಸ್ಸು ಮಸ್ಕಿ ದಾಟಿದ್ದು ನನಗೆ ತಿಳಿಯಲಿಲ್ಲ. ಅವಳು ಸಿಟ್ಟಾಗಿದ್ದಾಳೋ ಇಲ್ಲವೋ, ಅದೂ ತಿಳಿಯಲಿಲ್ಲ. ಸಿಟ್ಟಾಗಿದ್ದರೆ ಎರಡನೆಯ ಹೋಳಿಗೆ ಯಾಕೆ?

ಪಂಚಮಿ ಹತ್ತಿರ ಬಂತು. ಒಂದು ಇನ್‌ಲ್ಯಾಂಡ್ ತಂದು ಅಕ್ಕನಿಗೆ ಬರೆದೆ, ಮಡಿಕೆಯ ತನಕ. ಅಂಚೆ ಡಬ್ಬಿಯ ಮುಂದೆ ನಿಂತಾಗ, ಇದನ್ನು ಆ ಶಾಲೆಯ ಹುಡುಗಿ ಓದುತ್ತಾಳೆ, ನನ್ನ ತಪ್ಪು ಅವಳ ಬಾಯಿಂದ ಯಾಕೆ ಬರಬೇಕು ಅನ್ನಿಸಿತು. ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ.

ಅಕ್ಕ ಗೆಳೆಯನ ಮನೆಯ ಹೊಸ್ತಿಲ ಮೇಲೆ ಅವನ ಹೆಂಡತಿಯ ಜೊತೆ ಕೂತಿದ್ದಳು. ಕಾಗದ ಕೇಳಲು ಅವಳು ಕೂಡುತ್ತಿದ್ದ ಜಾಗ ಅದೇ ಇರಬೇಕು. ಓಣಿಯ ಇಬ್ಬರು ಮೂವರು ಹೆಂಗಸರು ನನ್ನನ್ನು ನೋಡಿ ನಿಂತರು. ನಾನು ಕಾಗದ ತೆಗೆದು "ಮಾತೃಸ್ವರೂಪಳಾದ ಅಕ್ಕನಿಗೆ" ಎಂದು ಓದತೊಡಗಿದೆ. ಎರಡು ಸಾಲಿಗೆ ನಿಲ್ಲಿಸಿದೆ. ಅದು ಮಂದಿಗೆ ಬರೆದ ಕಾಗದದ ಹಾಗೆಯೇ ಇತ್ತು. ಚಂದ ಇತ್ತು. ಅದರಲ್ಲಿ ನಾನು ಇರಲಿಲ್ಲ.

"ಕಣ್ಣು ಇನ್ನೂ ಆರಾಮ ಆಗಿಲ್ಲೇನ್ರಿ ಅಣ್ಣಾರ?" ಅಂದಳು ಗೆಳೆಯನ ಹೆಂಡತಿ. ಈ ಸಲ ಚೇಷ್ಟೆ ಇರಲಿಲ್ಲ.

ಕಾಗದ ಮಡಚಿದೆ.

"ನನ್ನ ಕಣ್ಣಿಗೆ ಏನೂ ಆಗಿದ್ದಿಲ್ಲ ತಂಗಿ. ಸುಳ್ಳು ಹೇಳಿದ್ದೆ. ಈಕಿ ನನ್ನ ಒಡಹುಟ್ಟಿದ ಅಕ್ಕ. ಏಳು ವರ್ಷ ನಾ ಈಕಿಗೆ ಒಂದು ಕಾಗದ ಬರೀಲಿಲ್ಲ. ನನ್ನ ಮಾನ ಕಾಯಾಕ ಈಕಿ ಅದನ್ನ ನಿಮಗ್ಯಾರಿಗೂ ಹೇಳಿಲ್ಲ." ಅಕ್ಕ ಬೇಡ ಎಂದು ಕೈ ಅಲ್ಲಾಡಿಸಿದಳು. ನಾನು ನಿಲ್ಲಿಸಲಿಲ್ಲ. "ಅಕ್ಕಾ, ನೀ ಕೇಳಿದ್ದು ಎರಡೇ ಅಕ್ಷರ, ಅದನ್ನೂ ಕೊಡಲಿಲ್ಲ. ಯಾಕಂತ ನನಗ ಇನ್ನೂ ತಿಳಿವಲ್ದು. ನನ್ನ ಕಣ್ಣಿಗಂತ ನೀ ಬಿಟ್ಟ ಊಟ ನಾ ಹೆಂಗ ತಿರುಗಿ ಕೊಡಲಿ, ಅದೂ ತಿಳಿವಲ್ದು. ತಪ್ಪಾತು ಅಕ್ಕಾ. ತಪ್ಪು ನಂದು."