ನೀರು ನಿಲ್ಲುವುದರೊಳಗೆ ವ್ಯಾಕರಣ

ಇದು ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಧಾರವಾಡದಲ್ಲಿ ಇತಿಹಾಸ ಓದುವಾಗ ನಮಗೆ ಮೊದಲು ಕಲಿಸಿದ್ದೇ ಒಬ್ಬನೇ ಸಾಕ್ಷಿಯನ್ನು ನಂಬಿ ಬರೆಯಬೇಡಿ ಎಂದು. ಈ ಸಂಗತಿಗೆ ನನ್ನ ಹತ್ತಿರ ಇರುವ ಸಾಕ್ಷಿ ಹನ್ನೆರಡು ವರ್ಷದ, ಯಾವಾಗಲೂ ಅರೆನಿದ್ದೆಯಲ್ಲಿರುತ್ತಿದ್ದ ಒಬ್ಬ ಹುಡುಗ. ಅವನು ನಾನೇ ಆಗಿದ್ದೆ ಎಂಬುದರಿಂದ ಅವನ ಮೇಲಿನ ನಂಬಿಕೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಅಣ್ಣನನ್ನು ಕೇಳಿದರೆ ಬೇರೆಯೇ ಹೇಳುತ್ತಾನೆ. ಅತ್ತೆ ಬದುಕಿದ್ದಾಗ ಅವಳನ್ನು ಎರಡು ಸಲ ಕೇಳಿದ್ದೆ. ಎರಡು ಸಲವೂ ಬೇರೆ ಬೇರೆ ಉತ್ತರ ಕೊಟ್ಟಳು.

ಆಗ ನಾವಿದ್ದದ್ದು ಎಮ್ಮಿಗನೂರಿನಿಂದ ಆಚೆ, ಕಾಲುವೆ ದಂಡೆಯ ಹೊಲದ ಮನೆಯಲ್ಲಿ. ಡ್ಯಾಮಿನ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಮಣ್ಣಿನ ಹೊಲವೆಲ್ಲ ಭತ್ತದ ಗದ್ದೆಯಾಗಿ, ಅಪ್ಪ ಊರೊಳಗಿನ ಮನೆ ಬಿಟ್ಟು ಗದ್ದೆಯ ಪಕ್ಕದಲ್ಲೇ ಕಲ್ಲಿನ ಮನೆ ಕಟ್ಟಿಸಿದ್ದ. ಸುತ್ತ ಇದ್ದದ್ದು ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಹತ್ತಿರದ ಶಾಲೆ ಕ್ಯಾಂಪಿನದು, ಅಲ್ಲಿ ಪಾಠ ನಡೆಯುತ್ತಿದ್ದದ್ದು ತೆಲುಗಿನಲ್ಲಿ. ಊರಿನ ಶಾಲೆ ದೂರ. ನನಗೆ ಕಾಮಾಲೆಯಾಗಿ ಬಹಳ ದಿನ ಮಲಗಿದ ಮೇಲೆ ಅಷ್ಟು ದೂರ ನಡೆಸುವುದು ಬೇಡ ಎಂದು ಅಪ್ಪ ತೀರ್ಮಾನಿಸಿದ. ಹಾಗಾಗಿ ನನ್ನ ಪಾಠ ಮನೆಯಲ್ಲೇ, ಅತ್ತೆಯಿಂದ.

ಅತ್ತೆ ಅಪ್ಪನ ತಂಗಿ. ಹೊಸಪೇಟೆಯಲ್ಲಿ ಮೆಟ್ರಿಕ್ ಪಾಸು ಮಾಡಿದ್ದಳು. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ನಮ್ಮ ಮನೆಯಲ್ಲಿ ಅವಳಿಗೆ ಊಟಕ್ಕೆ ಕೊರತೆಯಿರಲಿಲ್ಲ, ಕೆಲಸಕ್ಕಂತೂ ಮೊದಲೇ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ. ಬಳ್ಳಾರಿಗೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮಾಡಬೇಕು. ಅಪ್ಪ ಅದಕ್ಕೆ ಹೂಂ ಅಂದಿರಲಿಲ್ಲ, ಉಹೂಂ ಅಂದೂ ಇರಲಿಲ್ಲ. ನನ್ನ ನೆನಪು ನಿಜವಾದರೆ, ಎರಡನೇ ಬೆಳೆಯ ನಾಟಿ ಮುಗಿದ ದಿನ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಅವನು ಅವಳಿಗೆ ಒಂದು ಮಾತು ಕೊಟ್ಟ.

"ಕಾಲುವಿ ನಿಲ್ಲೂದರಾಗ ಈ ಹುಡುಗಂದು ವ್ಯಾಕರಣ ಮುಗಸು, ಹೈಸ್ಕೂಲಿಗೆ ಹಚ್ಚು. ಆಮ್ಯಾಲ ನೀ ಟ್ರೇನಿಂಗಿಗೆ ಹೋಗು. ನಾ ಬ್ಯಾಡ ಅನ್ನಂಗಿಲ್ಲ."

ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಕಡೆಯವರು ಕಾಲವನ್ನು ಲೆಕ್ಕ ಹಾಕುತ್ತಿದ್ದ ರೀತಿ ತಿಳಿಯಬೇಕು. ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಇತ್ತು, ಅದರಲ್ಲಿ ದೇವರ ಚಿತ್ರ ನೋಡುತ್ತಿದ್ದೆವು. ತಿಂಗಳು, ವಾರಗಳನ್ನು ನಂಬಿದವರು ಯಾರೂ ಇರಲಿಲ್ಲ. ನೀರು ಬಿಟ್ಟಾಗ, ನೀರು ನಿಂತಾಗ ಎಂಬ ಎರಡೇ ಗೆರೆಗಳು ನಮ್ಮ ವರ್ಷಕ್ಕೆ. ಬೇಸಿಗೆಯಲ್ಲಿ ಕಾಲುವೆ ರಿಪೇರಿಗೆಂದು ನೀರು ನಿಲ್ಲಿಸಿದ ಮೇಲೆ ಮದುವೆ, ಮನೆಗೆ ಸುಣ್ಣ, ನೆಂಟರ ಊರಿಗೆ ಹೋಗುವುದು, ಹಲ್ಲು ಕೀಳಿಸುವುದು ಕೂಡ. ನನ್ನ ಹೈಸ್ಕೂಲಿನ ಪ್ರವೇಶ ಪರೀಕ್ಷೆಯೂ ಆ ಪಟ್ಟಿಗೇ ಸೇರಿತು. ಹೊಸಪೇಟೆಯ ಶಾಲೆಯವರು ಮನೆಯಲ್ಲಿ ಓದಿದ ಹುಡುಗರನ್ನು ರಜೆಗೆ ಮುಂಚೆ ಪರೀಕ್ಷಿಸಿ ಸೇರಿಸಿಕೊಳ್ಳುತ್ತಿದ್ದರು. ಪ್ರತಿ ವರ್ಷ ಅದು ನೀರು ನಿಂತು ಒಂದೆರಡು ವಾರಕ್ಕೆ ಬರುತ್ತಿತ್ತು. ಹಾಗಾಗಿ ಅದು ನೀರು ನಿಂತ ಮೇಲೆಯೇ ಬರುವಂಥದ್ದು ಎಂದು ಎಲ್ಲರೂ ತಿಳಿದಿದ್ದೆವು. ಓದಿದವಳಾದ ಅತ್ತೆಯೂ.

ಗಣಿತ, ಚರಿತ್ರೆ ಸರಾಗವಾಗಿ ಹೋದವು. ಹಿಂದೆ ಬಿದ್ದದ್ದು ವ್ಯಾಕರಣ. ತಪ್ಪು ಯಾರದೆಂದು ಈಗಲೂ ಹೇಳಲಾರೆ. ಗದ್ದೆಗೆ ನಮ್ಮ ಪಾಳಿಯ ನೀರು ಬಂದ ದಿನ ಪಾಠವಿಲ್ಲ. ಕಳೆ ತೆಗೆಯುವವರು ಬಂದರೆ ಅವರ ಬುತ್ತಿಗೆ ರೊಟ್ಟಿ ಬಡಿಯಬೇಕಾದವಳು ಅತ್ತೆ, ಆಗಲೂ ಇಲ್ಲ. ಸಿಕ್ಕ ದಿನಗಳಲ್ಲಿ ಅವಳು ಒಲೆಯ ಮುಂದೆ ಹಿಟ್ಟು ನಾದುತ್ತ ವಿಭಕ್ತಿ ಹೇಳಿಸುತ್ತಿದ್ದಳು. ಲೋಪ, ಆಗಮ, ಆದೇಶ ಎಂದು ಶುರುವಾದಾಗ ನನಗೆ ಎಲ್ಲವೂ ಒಂದೇ ರೊಟ್ಟಿಯಂತೆ ಕಾಣುತ್ತಿತ್ತು. ಮಳೆಗಾಲ ಯಾಕೆ ಮಳೆಕಾಲ ಅಲ್ಲ ಎಂದು ಅವಳು ಕೇಳಿದರೆ, ಎಲ್ಲರೂ ಹಾಗೇ ಅನ್ನುತ್ತಾರಲ್ಲ ಎಂದು ನಾನು. ನಗುತ್ತಿದ್ದಳೋ ಬಯ್ಯುತ್ತಿದ್ದಳೋ ನೆನಪಾಗುತ್ತಿಲ್ಲ. ನಾಳೆ ನೋಡೋಣ ಎನ್ನುತ್ತಿದ್ದದ್ದು ಮಾತ್ರ ನೆನಪಿದೆ. ಸಮಾಸದ ಭಾಗ ಪೂರ್ತಿ ನಾಳೆಗೆ ಉಳಿದಿತ್ತು, ಅಲಂಕಾರವೂ ಉಳಿದಿತ್ತು. ಆದರೂ ಇಬ್ಬರಿಗೂ ಗಾಬರಿಯಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕಾಲುವೆ ತುಂಬಿ ಹರಿಯುತ್ತಿತ್ತು. ಅಂದರೆ ಇನ್ನೂ ಟೈಮ್ ಇದೆ.

ಆ ವರ್ಷ ಯಾಕೋ ನೀರು ನಿಲ್ಲಲೇ ಇಲ್ಲ. ಕಾಲುವೆಯ ತುದಿಯ ಹಳ್ಳಿಗಳಲ್ಲಿ ಪೈರು ಇನ್ನೂ ನಿಂತಿತ್ತು, ಅಲ್ಲಿಯವರು ಹೋಗಿ ಈಗಲೇ ನೀರು ನಿಲ್ಲಿಸಬೇಡಿ ಎಂದು ಕೇಳಿಕೊಂಡರು ಎಂದು ಆಮೇಲೆ ಗೊತ್ತಾಯಿತು. ಅಪ್ಪನಿಗೆ ಖುಷಿ, ಅವನ ಕಬ್ಬಿಗೂ ನೀರಾಯಿತು. ಹೀಗಿರುವಾಗ ಒಂದು ಮಧ್ಯಾಹ್ನ ಸೋದರಮಾವ ಬಂದ. ಅವನಿಗೆ ಟಿ.ಬಿ. ಡ್ಯಾಂನಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಮನೆ. ಹೈಸ್ಕೂಲು ಸೇರಿದರೆ ನಾನು ಇರಬೇಕಾದದ್ದು ಅಲ್ಲೇ. ಚಪ್ಪಲಿ ಬಿಡುವುದರೊಳಗೇ ಅವನು ಅತ್ತೆಯನ್ನು ನೋಡಿ ಹೇಳಿದ.

"ನಾಡದು ಪರೀಕ್ಷಾ. ನೀವು ನೋಡಿದ್ರ ಇನ್ನೂ ಇಲ್ಲೇ ಕುಂತೀರಿ."

ಅತ್ತೆ ಕಾಲುವೆಯ ಕಡೆ ಕೈ ತೋರಿಸಿ, ನೀರು ಇನ್ನೂ ಹರಿಯಾಕತ್ತೈತಲ್ಲ ಎಂದಳು. ಅದಕ್ಕೆ ಮಾವ ಹೇಳಿದ.

"ನೀರು ಮುಂದ ಹಾಕ್ಯಾರವ್ವ. ಸಾಲಿ ಮುಂದ ಹಾಕಿಲ್ಲ."

ಅಣ್ಣ ಹಿಂದಿನಿಂದ ಕಿಸಕ್ಕನೆ ನಕ್ಕ. ಮೆಟ್ರಿಕ್ ಮಾಡಿದೋರಿಗೂ ಕಾಲುವಿನೇ ಗಡಿಯಾರ ಏನ್ಲೇ ಎಂದು ನನಗೆ ಕೇಳುವಂತೆ, ಅತ್ತೆಗೂ ಕೇಳುವಂತೆ ಅಂದ.  ಅತ್ತೆ ಕೈಯ ಹಿಟ್ಟು ತೊಳೆದುಕೊಂಡು ಒಳಗೆ ಹೋಗಿ ಪುಸ್ತಕ ತಂದಳು.

ಅಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಕಲಸಿಹೋಗಿದೆ. ಮರುದಿನ ಬೆಳಿಗ್ಗೆ ನಾವಿಬ್ಬರೂ ಬಸ್ ಹತ್ತಿದೆವು. ಕಂಪ್ಲಿಯಲ್ಲಿ ಬಸ್ ಬದಲಿಸಿದೆವು. ಕಿಟಕಿಯ ಪಕ್ಕ ಕೂತು ಅವಳು ತತ್ಪುರುಷ ಎಂದರೆ ನನಗೆ ಯಾರೋ ಗಂಡಸಿನ ಮುಖ ಕಾಣುತ್ತಿತ್ತು. ಬಹುವ್ರೀಹಿಗೆ ಮುಕ್ಕಣ್ಣ ಎಂಬ ಉದಾಹರಣೆ ಕೊಟ್ಟಳು. ಯಾರ ಕಣ್ಣು, ಎಲ್ಲಿಯ ಕಣ್ಣು, ನನಗೆ ತಿಳಿಯಲಿಲ್ಲ. ದಾರಿಯಲ್ಲಿ ಬಸ್ ಕೆಟ್ಟು ನಿಂತಿತು. ಇಳಿದು ಒಂದು ಕಲ್ಲಿನ ಜಾಗದಲ್ಲಿ ಬಹಳ ಹೊತ್ತು ಕೂತೆವು. ನನ್ನ ನೆನಪಿನಲ್ಲಿ ಅದು ಹಂಪಿಯ ಒಂದು ಮಂಟಪ. ಕಂಬದ ನೆರಳು ಅವಳ ಸೀರೆಯ ಮೇಲೆ ಬಿದ್ದದ್ದು, ಉಳಿದ ಸಮಾಸವೆಲ್ಲ ಅವಳು ಒಂದೇ ಉಸಿರಿಗೆ ಹೇಳಿದ್ದು, ನನಗೆ ಫಕ್ಕನೆ ಎಲ್ಲ ಅರ್ಥವಾದದ್ದು, ಎಲ್ಲ ಸ್ಪಷ್ಟವಾಗಿದೆ. ಈ ಸ್ಪಷ್ಟತೆಯ ಮೇಲೇ ನನಗೆ ಅನುಮಾನ. ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬಸ್ ಕಮಲಾಪುರದ ಮೇಲೆ ಹೋಗುತ್ತದೆ, ಹಂಪಿಯೊಳಗೆ ಹೋಗುವುದಿಲ್ಲ. ಎಷ್ಟೋ ವರ್ಷದ ಮೇಲೆ ಕೇಳಿದಾಗ ಅತ್ತೆ, ಅದು ಮಲಪನಗುಡಿಯ ಬಾವಿ, ಮೆಟ್ಟಿಲ ಮೇಲೆ ಕುಂತಿದ್ವಿ, ತಂಪಿತ್ತು, ನೀ ನನ್ನ ತೊಡಿ ಮ್ಯಾಲ ನಿದ್ದಿ ಹೊಡದಿ ಎಂದಳು. ಹಾಗಾದರೆ ಸಮಾಸ ಯಾರಿಗೆ ಹೇಳಿದೆ ಎಂದೆ. ಬಾವಿಗೆ, ಎಂದಳು.

ಇನ್ನೊಂದು ಸಲ ಕೇಳಿದಾಗ ಬಸ್ ಕೆಟ್ಟೇ ಇರಲಿಲ್ಲ ಎಂದಳು.

ಆ ರಾತ್ರಿ ಮಾವನ ಮನೆಯಲ್ಲಿ ಮಲಗಿದೆವು. ಮರುದಿನ ಪರೀಕ್ಷೆಯಲ್ಲಿ ನನಗೆ ಒಂದು ಪುಟ ಓದಿಸಿದರು, ಒಂದು ಪುಟ ಬರೆಸಿದರು. ವ್ಯಾಕರಣ ಕೇಳಿದರೇ? ಕೇಳಿದರೆಂದು ಎಷ್ಟೋ ವರ್ಷ ಗೆಳೆಯರಿಗೆ ಹೇಳುತ್ತಿದ್ದೆ, ಪ್ರಶ್ನೆಗಳನ್ನೂ ಹೇಳುತ್ತಿದ್ದೆ. ಈಗ ಕೂತು ಯೋಚಿಸಿದರೆ ಆ ಪ್ರಶ್ನೆಗಳು ಆಮೇಲೆ ಹೈಸ್ಕೂಲಿನಲ್ಲಿ ಕೇಳಿದ್ದೂ ಇರಬಹುದು. ಸೇರಿಸಿಕೊಂಡರು ಎಂಬುದಷ್ಟೇ ಗಟ್ಟಿ, ಯಾಕೆಂದರೆ ನಾನು ಅಲ್ಲೇ ಓದಿದೆ. ಅತ್ತೆ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಅವಳಿಗೆ ನಾನು ಪಾಸಾದೆ ಎಂದು ಹೇಳಿದಾಗ ಅವಳು ಕೇಳಿದ್ದು ಮಾತ್ರ ನನಗೆ ವಿಚಿತ್ರವಾಗಿ ಕಂಡಿತ್ತು. ಇವತ್ತು ಹಿಂದಕ್ಕೆ ಹೋಗುವ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಮಾವ ಇನ್ನೊಂದು ದಿನ ಉಳಿದು ಹೋಗಿ ಎಂದರೂ ಕೇಳಲಿಲ್ಲ.

ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಗದ್ದೆಗೆ ನಡೆದಳು, ನಾನು ಹಿಂದೆ. ಅಪ್ಪ ಬದುವಿನ ಮೇಲೆ ಸನಿಕೆ ಹಿಡಿದು ನಿಂತಿದ್ದ. ಹುಡುಗ ಹೈಸ್ಕೂಲಿಗೆ ಸೇರಿದ ಎಂದು ಅವಳು ಹೇಳಲಿಲ್ಲ. ಅವಳು ಹೇಳಿದ್ದು:

"ಅಣ್ಣಾ, ನೀರು ಇನ್ನೂ ಐತಿ ನೋಡು."

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಸನಿಕೆಯನ್ನು ಮಣ್ಣಿಗೆ ಊರಿ ಕಾಲುವೆಯ ಕಡೆ ನೋಡಿದ. ಅವನ ಮಾತಿನ ಪ್ರಕಾರವೇ ಅವಳು ಗಡುವಿನೊಳಗೆ ಮುಗಿಸಿದ್ದಳು. ಯಾವ ನೀರನ್ನು ನಂಬಿ ಅವಳು ದಿನ ಕಳೆದಳೋ ಅದೇ ನೀರು ಅವಳ ಪರವಾಗಿ ಹರಿಯುತ್ತಿತ್ತು.

"ಐತಿ," ಎಂದ ಅಪ್ಪ. ಅಷ್ಟೇ.

ಈ ಕೊನೆಯ ದೃಶ್ಯವನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಅಣ್ಣನ ಪ್ರಕಾರ ಆ ವಾರ ಅಪ್ಪ ಊರಲ್ಲೇ ಇರಲಿಲ್ಲ, ಸಂಡೂರಿಗೆ ಹೋಗಿದ್ದ, ನಮ್ಮ ಅಕ್ಕನನ್ನು ಹೆಣ್ಣು ಕೇಳಲು ಬಂದವರ ಮನೆ ನೋಡಲು. ನೀರು ನಿಲ್ಲುವ ಮುಂಚೆ ಅಪ್ಪ ಅಂಥ ಕೆಲಸಕ್ಕೆ ಹೋಗುತ್ತಿದ್ದನೇ ಎಂದು ನಾನು ವಾದಿಸಿದೆ. ಅವನು ಒಪ್ಪಲಿಲ್ಲ. ಮಾತು ಕೊಟ್ಟದ್ದು, ಗಡುವು, ಎಲ್ಲ ನೀನು ಓದಿದ ಪುಸ್ತಕದಿಂದ ಬಂದದ್ದು ಎಂದ.

"ಅತ್ತಿ ಟ್ರೇನಿಂಗಿಗೆ ಹೋಗಿದ್ದು ಅಕ್ಕನ ಮದಿವಿ ಆದ ಮ್ಯಾಲ, ನೀ ಹೈಸ್ಕೂಲು ಸೇರಿ ಎರಡು ವರ್ಷ ಬಿಟ್ಟು. ನಿನ್ನ ವ್ಯಾಕರಣಕ್ಕೂ ಅದಕ್ಕೂ ಏನು ಸಂಬಂಧಲೇ."

ಎರಡು ವರ್ಷ ಬಿಟ್ಟು ಹೋದದ್ದಾದರೆ ಅವನ ಮಾತೇ ಸರಿ. ಅಪ್ಪ ಮಾತು ಕೊಟ್ಟಿರಲಿಲ್ಲ, ಅಥವಾ ಕೊಟ್ಟು ತಪ್ಪಿದ. ಅತ್ತೆ ಅಷ್ಟು ದಿನ ಮತ್ತೆ ರೊಟ್ಟಿ ಬಡಿಯುತ್ತ ಕಾದಳು, ನಾನು ಮಾವನ ಮನೆಯಲ್ಲಿ ಕೂತು ಅದನ್ನು ಗಮನಿಸಲೇ ಇಲ್ಲ. ಅವಳು ಸಂಡೂರಿನ ಗಣಿಯ ಹತ್ತಿರದ ಶಾಲೆಯೊಂದರಲ್ಲಿ ಮಾಸ್ತರಾಗಿ ನಿವೃತ್ತಳಾದಳು ಎಂಬುದು ಈ ಗೊಂದಲಕ್ಕೆ ಉತ್ತರವಾಗುವುದಿಲ್ಲ. ಯಾವ ವರ್ಷ ಹೊರಟಳು ಎಂಬುದೇ ಪ್ರಶ್ನೆ. ಅದನ್ನು ಅವಳನ್ನೇ ಕೇಳಬಹುದಿತ್ತು. ನಾನು ಕೇಳಿದ್ದೆಲ್ಲ ಬಸ್ಸಿನ ವಿಷಯ.

ಅವಳು ತೀರಿಕೊಂಡ ಮೇಲೆ ಬೇರೆ ಕೆಲಸಕ್ಕೆ ಬಳ್ಳಾರಿಗೆ ಹೋದವನು ಆ ಟ್ರೇನಿಂಗ್ ಶಾಲೆಯನ್ನು ಹುಡುಕಿಕೊಂಡು ಹೋದೆ. ಪಡಸಾಲೆಯ ಗೋಡೆಗೆ ಹಳೆಯ ತಂಡಗಳ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಾರೆ, ಪ್ರತಿಯೊಂದರ ಕೆಳಗೂ ಸೇರಿದ ವರ್ಷ ಬರೆದಿದೆ. ಅಣ್ಣ ಹೇಳಿದ ವರ್ಷದ ಫೋಟೋ ಮೊದಲು ನೋಡಿದೆ, ಅದರಲ್ಲಿ ಅವಳಿರಲಿಲ್ಲ. ನಾನು ಹೈಸ್ಕೂಲು ಸೇರಿದ ವರ್ಷದ ಫೋಟೋದಲ್ಲಿ, ನಿಂತವರ ಸಾಲಿನ ತುದಿಯಲ್ಲಿ, ಸೆರಗನ್ನು ಭುಜಕ್ಕೆ ಬಿಗಿದುಕೊಂಡು ಅತ್ತೆ ಇದ್ದಳು.