ಹತ್ತು ಸೆಕೆಂಡಿನ ನೀರು

ಗಡಿಬಿಡಿಯಕ್ಕನಿಗೆ ಆ ಹೆಸರಿಟ್ಟವರು ಆಸ್ಪತ್ರೆಯ ಅಡುಗೆಮನೆಯವರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹೆಂಗಸು. ಅವಳು ಕೂತು ಉಂಡಿದ್ದನ್ನು ಕಂಡವರಿಲ್ಲ. ಆದರೆ ಅಲ್ಲಿ ದುಡಿದ ಹನ್ನೊಂದು ವರ್ಷದಲ್ಲಿ ಅವಳ ಅಳತೆ ಒಂದು ದಿನವೂ ತಪ್ಪಿದ್ದಿಲ್ಲ. ಅದಕ್ಕೇ ಲಕ್ವದ ವಾರ್ಡಿನ ಡಾಕ್ಟರಮ್ಮ ನುಂಗುವ ತೊಂದರೆಯ ಮೇಲೆ ಸಂಶೋಧನೆ ಶುರು ಮಾಡಿದಾಗ ನೀರು ಮಂದ ಮಾಡುವ ಕೆಲಸವನ್ನು ಅವಳಿಗೇ ವಹಿಸಿದರು.

ನೀರನ್ನೇನು ಮಂದ ಮಾಡುವುದು ಎಂದು ನಗಬೇಡಿ. ಲಕ್ವ ಹೊಡೆದ ಎಷ್ಟೋ ಜನರ ಗಂಟಲು ಹೇಳಿದ ಮಾತು ಕೇಳುವುದಿಲ್ಲ. ತೆಳು ನೀರು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶಕ್ಕೆ ನುಗ್ಗುತ್ತದೆ. ಪುಡಿ ಕಲಸಿ ಮಂದ ಮಾಡಿದರೆ ನಿಧಾನವಾಗಿ ಇಳಿಯುತ್ತದೆ. ಅದರಿಂದ ಯಾರಿಗೆಷ್ಟು ಅನುಕೂಲ ಎಂಬುದೇ ಡಾಕ್ಟರಮ್ಮನ ಪ್ರಶ್ನೆ. ಗಡಿಬಿಡಿಯಕ್ಕ ಸಿರಿಂಜಿಗೆ ಆ ನೀರು ತುಂಬಿ, ಹತ್ತು ಸೆಕೆಂಡು ಹರಿಯಬಿಟ್ಟು, ಉಳಿದದ್ದರ ಮೇಲೆ ಮಂದವೆಷ್ಟು ಎಂದು ಅಳೆದು ಪಟ್ಟಿಯಲ್ಲಿ ಬರೆದಿಡುತ್ತಿದ್ದಳು.

ಆ ವಾರ್ಡಿಗೇ ಅವಳ ಅಣ್ಣ ಬಂದು ಸೇರಬೇಕೆ! ಅಪ್ಪ ಸತ್ತ ಮೇಲೆ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಸಾಕಿದ ದರ್ಜಿ. ಈಗ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಮಂದ ನೀರಿನ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದ. ಅಂಟು ಬೇಡ, ಒಂದು ಗುಟುಕು ಬರಿ ನೀರು ಕೊಡೇ ಎಂದು ಒಂದು ದಿನ ಅವನು ಅಂಗಲಾಚಿದ.

ಪರೀಕ್ಷೆ ಮುಗಿಸಿ, ಪಟ್ಟಿಯಲ್ಲಿ ಸರಿಯಾಗಿಯೇ ಬರೆದು, ಆಮೇಲೆ ಅಣ್ಣನ ಲೋಟಕ್ಕೆ ಮಾತ್ರ, ಅವನಿಗೂ ಹೇಳದೆ, ಬರಿ ನೀರು ಬೆರೆಸಿದಳು. ಅವನು ಕೆಮ್ಮಲಿಲ್ಲ. ಕೆಮ್ಮದ ಮೇಲೆ ಸರಿದಾರಿಯಲ್ಲೇ ಇಳಿಯಿತು ಎಂದುಕೊಂಡಳು, ಪುಣ್ಯಾತ್ಗಿತ್ತಿ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಜ್ವರ ಬಂತು.

ಎದೆಯಲ್ಲಿ ಸೋಂಕು ಎಂದರು ಡಾಕ್ಟರಮ್ಮ. ಗಂಟಲು ಮರಗಟ್ಟಿದ್ದರೆ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದಂತೆ, ಕೆಮ್ಮೂ ಬರುವುದಿಲ್ಲವಂತೆ. ಇವರಿಗೆ ಮಂದ ನೀರೂ ಆಗಿಬರಲಿಲ್ಲ, ಜ್ವರ ಇಳಿದೊಡನೆ ಹೊಟ್ಟೆಗೇ ನಳಿಕೆ ಹಾಕೋಣ, ಬಾಯಿಗೆ ಇನ್ನೇನೂ ಬೇಡ ಎಂದು ಬರೆದು ಹೊರಟರು.

ಗಡಿಬಿಡಿಯಕ್ಕನ ಅವಸ್ಥೆ ಯಾರಿಗೂ ಬೇಡ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಡಾಕ್ಟರಮ್ಮನ ಬಾಗಿಲವರೆಗೆ ಹೋಗಿ ಮೂರು ಸಲ ಹಿಂದೆ ಬಂದಳು. ಬಾಯಲ್ಲಿ ಬಿಸಿತುಪ್ಪ: ಹೇಳಿದರೆ ಕೆಲಸಕ್ಕೆ ಸಂಚಕಾರ, ಹೇಳದಿದ್ದರೆ ಅಣ್ಣನ ಬಾಯಿಗೆ ಬೀಗ. ನಾಲ್ಕನೆಯ ಸಲ ಒಳಗೆ ನುಗ್ಗಿದಳು.

“ಮಂದ ನೀರಿಂದ ಆಗಿದ್ದಲ್ಲ ಮೇಡಂ. ನಾನೇ ತೆಳ್ಳಗೆ ಮಾಡಿ ಕೊಟ್ಟೆ.”

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ನಡೆದದ್ದನ್ನು ಅವಳ ಕೈಯಲ್ಲೇ ಬರೆಸಿಕೊಂಡು, ಅಳತೆಯ ಕೆಲಸ ಬಿಡಿಸಿ ಪಾತ್ರೆ ತೊಳೆಯಲು ಕಳಿಸಿದರು. ಜ್ವರ ಇಳಿದ ಮೇಲೆ ಅಣ್ಣನನ್ನು ಎಕ್ಸ್‌ರೇ ಮುಂದೆ ಕೂರಿಸಿ ನುಂಗಿಸಿ ನೋಡಿದರು. ಮಂದ ನೀರು ನೆಟ್ಟಗೆ ಹೊಟ್ಟೆಗೇ ಇಳಿಯಿತು. ನಳಿಕೆಯ ಮಾತು ಅಲ್ಲಿಗೆ ನಿಂತಿತು.

ಅಂದು ಮಧ್ಯಾಹ್ನ ಅವಳು ಬೇರೆಯವರು ಕಲಸಿದ ಲೋಟ ಹಿಡಿದು ಅಣ್ಣನ ಬಳಿ ಹೋದಳು. ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಅವನೇ ತೊದಲುತ್ತ ಹೇಳಿದ:

“ನೀರು ತೆಳ್ಳಗಿದೆ ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು ಕಣೇ. ಜ್ವರ ಬಂದಾಗ್ಲೂ ಬಾಯಿ ಬಿಡ್ಲಿಲ್ಲ. ನಿನ್ ಕೆಲಸ ಹೋಗುತ್ತಲ್ಲ ಅಂತ.”

ಗಡಿಬಿಡಿಯಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಒಂದೊಂದೇ ಚಮಚ ಕುಡಿಸಿದಳು. ಲೋಟ ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಯವರೆಗೂ ಅವಳು ಏಳಲಿಲ್ಲ.